ಕರಗಿದ ಕಲ್ಲು, ಸವೆದ ಕಲ್ಲು: ಬೇಲಂ–ಗಂಡಿಕೋಟ ನೋಡಿ ಬಂದು ಮಾಡಿದ ಒಂದು ಪಾಠ

8ನೇ ತರಗತಿಯ ‘ಶಿಲಾಗೋಳ’ ಘಟಕದಲ್ಲಿ ಅಂತರ್ಜಲದ ಕಾರ್ಯಕ್ಕೆ ಸಿಗುವ ಜಾಗ ಕಡಿಮೆ. ನದಿಯ ಕಾರ್ಯವನ್ನು ಚೆನ್ನಾಗಿ ಕಲಿತ ಮಕ್ಕಳು ಅದೇ ಮಾತನ್ನು ಇಲ್ಲಿಗೂ ತರುತ್ತಾರೆ. ಅಭ್ಯಾಸಬೋಧನೆಗೆ ಬಳ್ಳಾರಿ ತಾಲ್ಲೂಕಿನ ಶಾಲೆಗೆ ಹೋದ ಮೊದಲ ವಾರ, ಸುಣ್ಣಕಲ್ಲಿನ ಗುಹೆ ಹೇಗಾಗುತ್ತದೆ ಎಂದು ಕೇಳಿದೆ. ‘ನೀರು ಕಲ್ಲನ್ನು ಕೊರೆದು ಗುಹೆ ಮಾಡುತ್ತದೆ’ ಎಂಬುದೇ ಬಹುಪಾಲು ಉತ್ತರ. ಕೊರೆಯುವುದು ಬೇರೆ, ಕರಗಿಸುವುದು ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ಗುಹೆಯೊಳಗೆ ಕಲ್ಲು ಮತ್ತೆ ಬೆಳೆಯುವುದಾದರೂ ಹೇಗೆ ಎಂಬುದಕ್ಕೆ ಮಗುವಿನ ಬಳಿ ಉತ್ತರವಿರುವುದಿಲ್ಲ.

ಪಾಠಯೋಜನೆ ಬರೆಯುವ ಮೊದಲು ಒಂದು ಭಾನುವಾರ, ಸಹಪ್ರಶಿಕ್ಷಣಾರ್ಥಿಯೊಬ್ಬರೊಂದಿಗೆ ಬೈಕಿನಲ್ಲಿ ಆಂಧ್ರದ ಬೇಲಂ ಗುಹೆಗೂ ಗಂಡಿಕೋಟಕ್ಕೂ ಹೋಗಿಬಂದೆ. ಗುಂತಕಲ್, ಗುತ್ತಿ, ತಾಡಪತ್ರಿ ದಾರಿ. ನಸುಕಿನಲ್ಲೇ ಹೊರಟರೆ ಎರಡನ್ನೂ ನೋಡಿ ರಾತ್ರಿಗೆ ಬಳ್ಳಾರಿ ಸೇರಬಹುದು. ಬೆನ್ನಿನ ಜವಾಬ್ದಾರಿ ನಿಮ್ಮದೇ. ತಾಡಪತ್ರಿ ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಚಪ್ಪಡಿ ಕೊಯ್ಯುವ ಯಂತ್ರಗಳು, ಬಿಸಾಡಿದ ಚೂರುಗಳ ಗುಡ್ಡೆಗಳು. ನಮ್ಮ ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪಾ ಕಲ್ಲು ಅದೇ, ಸುಣ್ಣಕಲ್ಲಿನ ಜಾತಿಯದು. ಕೇಳಿ ನಾಲ್ಕು ಚೂರು ಚೀಲಕ್ಕೆ ಹಾಕಿಕೊಂಡೆ. ಪಾಠದ ಮುಖ್ಯ ಉಪಕರಣ ಸಿಕ್ಕಿದ್ದು ಗುಹೆಯಲ್ಲಲ್ಲ, ಇಲ್ಲಿ.

ಬೇಲಂ ಗುಹೆಯನ್ನು 1884ರಲ್ಲಿ ದಾಖಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಬರೆದವರೂ ಅವರೇ. ಒಟ್ಟು 3,229 ಮೀಟರ್ ಉದ್ದದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ ಪ್ರವಾಸಿಗರಿಗೆ ತೆರೆದಿದೆ. 2002ರಿಂದ ದೀಪ, ಮೆಟ್ಟಿಲು, ಗಾಳಿಯ ವ್ಯವಸ್ಥೆಯೊಂದಿಗೆ ನೋಡಲು ಸಿಗುತ್ತದೆ. ಹೊಲಗಳ ನಡುವೆ ಬಾವಿಯಂಥ ಗುಂಡಿಯಲ್ಲಿ ಇಳಿಯಬೇಕು. ಒಳಗೆ ಸೆಕೆ, ಅಂಗಿ ಮೈಗೆ ಅಂಟುತ್ತದೆ. ನಾನು ಗಮನಿಸಿದ್ದು ಗೋಡೆಗಳನ್ನು: ಚೀಪಿದ ಬೆಲ್ಲದ ಅಚ್ಚಿನಂತೆ ನುಣುಪು, ಚೂಪಾದ ಮೂಲೆಯೇ ಅಪರೂಪ.

ಅಲ್ಲಿಂದ ಜಮ್ಮಲಮಡುಗು ಮೂಲಕ ಗಂಡಿಕೋಟ. ಕೋಟೆಯೊಳಗೆ ಈಗಲೂ ಜನ ಇರುವ ಹಳ್ಳಿ. ಪೆಮ್ಮಸಾನಿ ನಾಯಕರ ಕಾಲದ ಆ ಊರಿನಲ್ಲಿ ಮಾಧವರಾಯ ಗುಡಿ, ಜಾಮಿಯಾ ಮಸೀದಿ, ದವಸದ ಕಣಜ ಎಲ್ಲ ಹತ್ತಿರ ಹತ್ತಿರ. ಹಿಂಬದಿಯಲ್ಲಿ ಪೆನ್ನಾರ್ ನದಿ ಕೆಂಪು ಬಂಡೆಯನ್ನು ಸೀಳಿ ಹೋದ ಕಮರಿ. ನಂದಿಬೆಟ್ಟದ ಕಡೆ ಹುಟ್ಟುವ ನಮ್ಮ ಉತ್ತರ ಪಿನಾಕಿನಿಯೇ ಈ ಪೆನ್ನಾರ್. ಬಂಡೆಯನ್ನು ಗ್ರಾನೈಟ್ ಎನ್ನುವವರಿದ್ದಾರೆ. ಆದರೆ ಪುಸ್ತಕ ಜೋಡಿಸಿಟ್ಟಂತೆ ಪದರಗಳು ಕಾಣುತ್ತವೆ. ಬಳ್ಳಾರಿ ಗುಡ್ಡದ ಗ್ರಾನೈಟಿನಲ್ಲಿ ಅಂಥ ಪದರ ಇಲ್ಲ. ಇದು ಮರಳುಗಲ್ಲು ಗಟ್ಟಿಯಾಗಿ ಆದ ಕ್ವಾರ್ಟ್‌ಜೈಟ್. ನೀರಿಗೆ ಅದು ಕರಗುವುದಿಲ್ಲ ಎಂದೇ ಹೇಳಬೇಕು. ನದಿ ತಂದ ಮರಳು, ಕಲ್ಲುಗಳ ಉಜ್ಜಾಟದಿಂದ ಸವೆದು, ಬಿರುಕಿನಲ್ಲಿ ಒಡೆದು ಬೀಳುತ್ತದೆ. ಅಂಚುಗಳೆಲ್ಲ ಚೂಪು.

ಒಂದೇ ದಿನದ ದಾರಿಯಲ್ಲಿ ನೀರಿನ ಎರಡು ಕೆಲಸ ಹೀಗೆ ಎದುರುಬದುರು ಸಿಕ್ಕವು. ಪಾಠಕ್ಕೆ ಇಟ್ಟುಕೊಂಡದ್ದು ಇಷ್ಟನ್ನೇ.

ತರಗತಿಯಲ್ಲಿ ಗುಹೆಯ ಚಿತ್ರದಿಂದ ಆರಂಭಿಸಲಿಲ್ಲ. ಕಡಪಾ ಚೂರನ್ನು ಕೈಯಿಂದ ಕೈಗೆ ದಾಟಿಸಿ, ‘ಇದರ ಮೇಲೆ ಏನು ಚೆಲ್ಲಿದರೆ ಮನೆಯಲ್ಲಿ ಬೈಯುತ್ತಾರೆ?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ನಿಂಬಿಹಣ್ಣು ಹಿಂಡಬ್ಯಾಡ, ಕಲ್ಲು ಬೆಳ್ಳಗಾಕ್ಕೈತಿ ಅಂತಾಳ್ರೀ ನಮ್ಮವ್ವ’ ಎಂದಳು. ಪೂರ್ವಜ್ಞಾನ ಅಲ್ಲಿಯೇ ಇತ್ತು. ಬಳಿಕ ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ನಾನೇ ಡ್ರಾಪರ್‌ನಿಂದ ಎರಡು ಹನಿ ಹಾಕಿದೆ (ಮಕ್ಕಳ ಕೈಗೆ ಕೊಡಬಾರದು). ಕಡಪಾ ಕಲ್ಲು ನೊರೆಯಿತು. ಊರಲ್ಲೇ ಆಯ್ದ ಬೆಣಚುಕಲ್ಲು ಸುಮ್ಮನಿತ್ತು. ಬೆಣಚುಕಲ್ಲು, ಗಂಡಿಕೋಟದ ಬಂಡೆ ಎರಡೂ ಮುಖ್ಯವಾಗಿ ಸಿಲಿಕಾ. ಹಾಗಾಗಿ ರಕ್ಷಿತ ಸ್ಥಳದಿಂದ ಕಲ್ಲು ತರಬೇಕಾಗಲಿಲ್ಲ.

ಮಳೆನೀರು ಗಾಳಿಯಿಂದಲೂ ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಪಡೆದು ಬಲು ಮೆದು ಆಮ್ಲವಾಗುತ್ತದೆ ಎಂಬುದನ್ನು ಇದಾದ ಮೇಲೆ ಕಪ್ಪುಹಲಗೆಯಲ್ಲಿ ಬರೆದದ್ದು. ಸಮೀಕರಣ ಕೊನೆಗೆ.

ಗುಹೆಯ ಛಾವಣಿಯಿಂದ ಇಳಿಯುವ ಸ್ಟ್ಯಾಲಕ್ಟೈಟ್‌ಗೆ ನಮ್ಮಲ್ಲಿ ರೂಢಿಯ ಮಾದರಿ ಒಂದಿದೆ: ಎರಡು ಲೋಟ ಸೋಡಾ ದ್ರಾವಣ, ನಡುವೆ ದಾರ. ನೋಡಲು ಚೆಂದ. ನಾನದನ್ನು ಬಳಸಲಿಲ್ಲ. ಅಲ್ಲಿ ಹರಳು ಬೆಳೆಯುವುದು ನೀರು ಆರಿಹೋಗಿ. ಗುಹೆಯಲ್ಲಿ ಹನಿ ಒಣಗಬೇಕೆಂದೇ ಇಲ್ಲ. ಅದರೊಳಗಿನ ಡೈಆಕ್ಸೈಡ್ ಗುಹೆಯ ಗಾಳಿಗೆ ಹೋದರೆ ಸಾಕು, ಕರಗಿದ್ದ ಸುಣ್ಣ ಹೊರಬೀಳುತ್ತದೆ. ಇದಕ್ಕೆ ಹತ್ತಿರದ ಉದಾಹರಣೆ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆ. ನೀರು ಬತ್ತದಿದ್ದರೂ ತಳದಲ್ಲಿ ಬಿಳಿ ಪದರ ಕೂರುತ್ತದೆ, ಏಕೆಂದರೆ ಕಾಯಿಸಿದಾಗಲೂ ಹೊರಟುಹೋಗುವುದು ಅದೇ ಅನಿಲ. ಒಬ್ಬ ಹುಡುಗ ಮರುದಿನ ಕಾಯಿಲ್‌ನಿಂದ ಕೆರೆದ ಹಕ್ಕಳೆ ತಂದ. ಅದೂ ಆಮ್ಲಕ್ಕೆ ನೊರೆಯಿತು. ಇಡೀ ಪಾಠದಲ್ಲಿ ಗಲಾಟೆಯಾಗಿದ್ದು ಆಗಲೇ.

ಕೋಟಿಲಿಂಗಗಳ ಕೋಣೆಯ ಫೋಟೋ ತೋರಿಸಿದಾಗ, ‘ಲಿಂಗಕ್ಕ ಸುಣ್ಣ ಅನ್ನಬಾರದ್ರೀ ಸರ್’ ಎಂದ ಇನ್ನೊಬ್ಬ. ಜನ ಅದಕ್ಕೆ ಯಾಕೆ ಆ ಹೆಸರಿಟ್ಟರು, ಅದು ಹೇಗೆ ಆಯಿತು ಎಂಬ ಎರಡು ಪ್ರಶ್ನೆಗಳನ್ನು ಹಲಗೆಯ ಎರಡು ಬದಿಗೆ ಬರೆದೆ. ಇಂಥಲ್ಲಿ ಪ್ರಶಿಕ್ಷಣಾರ್ಥಿ ನಕ್ಕು ದಾಟಿಬಿಡಬಾರದು; ಆ ಮಗು ಮತ್ತೆ ಕೈ ಎತ್ತುವುದಿಲ್ಲ.

ನನ್ನ ಪಾಠ ವೀಕ್ಷಿಸಿದ ವಿಧಾನ ಬೋಧಕರು, ನದಿಯನ್ನೂ ಗುಹೆಯನ್ನೂ ಒಂದೇ ಅವಧಿಯಲ್ಲಿ ತಂದದ್ದು ಭಾರವಾಯಿತು ಎಂದು ಬರೆದರು. ನನ್ನ ಅಭಿಪ್ರಾಯ ಬೇರೆ: ಬೇರೆ ಬೇರೆ ದಿನ ಕಲಿಸುವುದರಿಂದಲೇ ‘ಕೊರೆಯುವುದು’ ಎರಡಕ್ಕೂ ಅಂಟಿಕೊಳ್ಳುತ್ತದೆ. ಆದರೆ 40 ನಿಮಿಷ ಸಾಲದು ಎಂಬುದು ನಿಜ. ಮಾಡುವವರು ಎರಡು ಅವಧಿ ಕೇಳಿಕೊಳ್ಳಿ.

ಮೌಲ್ಯಮಾಪನಕ್ಕೆ ಎರಡು ಫೋಟೋ ಕೊಟ್ಟು, ಸ್ಥಳದ ಹೆಸರು ಹೇಳದೆ, ಯಾವುದು ಕರಗಿದ್ದು, ಯಾವುದು ಸವೆದದ್ದು, ಹೇಗೆ ಗೊತ್ತು ಎಂದು ಕೇಳಿದೆ. ‘ಹೇಗೆ ಗೊತ್ತು’ ಎಂಬುದಕ್ಕೆ ಹಲವರು ಅಂಚು, ಮೂಲೆಗಳನ್ನೇ ಗುರುತಿಸಿದ್ದರು. ಒಬ್ಬಳು ಉತ್ತರದ ಕೆಳಗೆ ತನ್ನದೇ ಪ್ರಶ್ನೆ ಬರೆದಿದ್ದಳು: ನಮ್ಮ ಬೋರ್ ನೀರಿನಲ್ಲಿ ಸುಣ್ಣ ಇದೆ ಎಂದರೆ ನಮ್ಮೂರ ಕೆಳಗೂ ಗುಹೆ ಇದೆಯೇ? ಇಲ್ಲಿಯದು ಗ್ರಾನೈಟ್ ನೆಲ, ಅಂಥ ಗುಹೆ ಆಗುವುದಿಲ್ಲ. ಆ ಸುಣ್ಣ ಬರುವುದು ಬಂಡೆಯ ಖನಿಜಗಳು ಶಿಥಿಲವಾಗಿ, ಮತ್ತು ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಗಂಟುಗಳಿಂದ. ಮುಂದಿನ ಅವಧಿಗೆ ಹೊಲದಿಂದ ಅಂಥ ಗಂಟು ಹುಡುಕಿ ತರಲು ಮಕ್ಕಳಿಗೆ ಹೇಳಿದ್ದೇನೆ.