ಎಣ್ಣೆಗೂದಲ ನಡುವೆ ಮಿದುಳಿನ ಅಲೆ ಹಿಡಿಯಲು ಎಂಥ ಎಲೆಕ್ಟ್ರೋಡ್ ಬೇಕು?

ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು – ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಯಾರಾದರೂ ಪ್ರಾಜೆಕ್ಟಿಗೆ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಆರಿಸಿಕೊಂಡರೆ ಮೊದಲು ಆಂಪ್ಲಿಫೈಯರ್ ಹುಡುಕಬೇಡಿ, ನೆತ್ತಿ ನೋಡಿ. ಚರ್ಮದ ಮೇಲೆ ಸಿಗುವ ಸಂಕೇತ ಸಾಮಾನ್ಯವಾಗಿ 10ರಿಂದ 100 ಮೈಕ್ರೊವೋಲ್ಟ್ ಅಷ್ಟೆ. ಅಡ್ಡ ನಿಂತಿರುವುದು ಒಣಕೂದಲು ಮತ್ತು ತೆಂಗಿನೆಣ್ಣೆ. ಎರಡೂ ವಿದ್ಯುತ್ತನ್ನು ಬಿಟ್ಟುಕೊಡುವಂಥವಲ್ಲ.

ಹಿಂದಿನ ದಿನವೇ ಶಾಂಪೂ ಹಾಕಿ ತಲೆ ತೊಳೆಯಲು ಹೇಳಿ. ಆಮೇಲೆ ಎಣ್ಣೆ, ಕಂಡೀಷನರ್ ಬೇಡ. ಆಟಿಯ ಮಳೆಯಲ್ಲಿ ದಪ್ಪ ಜಡೆ ಬೆಳಗಾದರೂ ಒಣಗದು, ಅದಕ್ಕೂ ಸಮಯ ಇಟ್ಟುಕೊಳ್ಳಿ.

ಜಾಗ ಗುರುತಿಸಲು ಮೂಗಿನ ಬುಡದಿಂದ ಹಿಂತಲೆಯ ಉಬ್ಬಿನವರೆಗೆ ಟೇಪು ಹಿಡಿಯಿರಿ. 36 ಸೆಂ.ಮೀ. ಬಂದರೆ ಉಬ್ಬಿನಿಂದ 3.6 ಸೆಂ.ಮೀ. ಮೇಲೆ ಮೊದಲ ಎಲೆಕ್ಟ್ರೋಡ್. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ 10–20 ಪದ್ಧತಿಯ ಲೆಕ್ಕ ಇದು. ರೆಫರೆನ್ಸ್ ಕಿವಿಯ ಹಾಲೆಗೆ, ಗ್ರೌಂಡ್ ಹಣೆಗೆ.

ಇನ್ನು ಎಲೆಕ್ಟ್ರೋಡ್. ಚಪ್ಪಟೆ ಬಿಲ್ಲೆಯನ್ನು ಹಾಗೇ ಒತ್ತಿದರೆ ಅದು ಕೂದಲ ಮೇಲೆ ತೇಲುತ್ತದೆ. ಆಸ್ಪತ್ರೆಯಲ್ಲಿ ಬೈತಲೆ ತೆಗೆದು, ಚರ್ಮ ಉಜ್ಜಿ, ಪೇಸ್ಟ್ ಹಚ್ಚುವುದು ಅದಕ್ಕೇ. ಪೇಸ್ಟ್ ಬೇಡವೆಂದರೆ ಹಲ್ಲುಗಳಿರುವ ವಿನ್ಯಾಸ ಬೇಕು. ಹಲ್ಲು 8–10 ಮಿ.ಮೀ. ಉದ್ದ, ತುದಿ 2 ಮಿ.ಮೀ. ಅಗಲ ಮತ್ತು ದುಂಡಗೆ, ಕೂದಲು ಜಾರಲು ನಡುವೆ 2–3 ಮಿ.ಮೀ. ಸಂದು – ಇಲ್ಲಿಂದ ಶುರುಮಾಡಿ. ನೇರ ಒತ್ತದೆ, ಬಾಚಣಿಗೆ ಆಡಿಸಿದಂತೆ ಎಡಬಲ ಆಡಿಸುತ್ತ ಇಳಿಸಿ. ಎಲೆಕ್ಟ್ರೋಡನ್ನು ತಲೆಗೆ ಒತ್ತಿಹಿಡಿಯುವ ಪಟ್ಟಿಯ ಬಿಗಿ 200 ಗ್ರಾಂ ಭಾರದಷ್ಟಿದ್ದರೆ 10 ಹಲ್ಲುಗಳಿಗೆ ತಲಾ 20 ಗ್ರಾಂ ಬೀಳುತ್ತದೆ. 4 ಹಲ್ಲಾದರೆ 50 ಗ್ರಾಂ, ಅದು ಚುಚ್ಚುತ್ತದೆ. ಬುಡಕ್ಕೆ ಮೆತ್ತನೆ ರಬ್ಬರ್ ಕೊಟ್ಟರೆ ಹಲ್ಲುಗಳು ತಲೆಯ ಬಾಗಿಗೆ ಹೊಂದಿಕೊಳ್ಳುತ್ತವೆ.

ತುದಿಗೆ ಬೆಳ್ಳಿ–ಬೆಳ್ಳಿ ಕ್ಲೋರೈಡ್ ಲೇಪ ಒಳ್ಳೆಯದು. ಬರಿಯ ಸ್ಟೀಲಿನಲ್ಲಿ ಸಂಕೇತದ ಗೆರೆ ಮೇಲೆ ಕೆಳಗೆ ಅಲೆಯುತ್ತಿರುತ್ತದೆ. ಉಪ್ಪುನೀರಿನ ಸ್ಪಂಜೂ ನಡೆಯುತ್ತದೆ, ಆದರೆ ನೀರು ಕೂದಲಗುಂಟ ಇಳಿದು ಪಕ್ಕದ ಎಲೆಕ್ಟ್ರೋಡಿಗೆ ಸೇರಿದರೆ ಎರಡೂ ಒಂದೇ ಸಂಕೇತ ತೋರಿಸುತ್ತವೆ.

ಹಿಡಿದಿಡಲು ಟೋಪಿಯೇ ಆಗಬೇಕೆಂದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅರ್ನೆಲ್ ಎಟಿಯೆನ್ ಮತ್ತು ಸಂಗಡಿಗರು 2020ರಲ್ಲಿ ದಟ್ಟ ಗುಂಗುರು ಕೂದಲಿಗೆಂದೇ, ಸಣ್ಣ ಹೆಣಿಗೆಗಳ ಅಡಿಗೆ ಸಿಕ್ಕಿಸುವ ಎಲೆಕ್ಟ್ರೋಡ್ ತೋರಿಸಿದರು. ಕೂದಲೇ ಆಧಾರವಾಯಿತು! ಜಡೆ ಹೆಣೆಯುವ ಕೈಗಳಿಗೆ ಬರವಿಲ್ಲದ ನಮ್ಮೂರಲ್ಲಿ ಇದನ್ನು ಪರೀಕ್ಷಿಸಲೇಬೇಕು.

ತಲೆಗೆ ತಂತಿ ಹಚ್ಚುವ ಮುನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ, ಎಲ್ಲವೂ ಬ್ಯಾಟರಿಯಲ್ಲೇ ನಡೆಯಲಿ. ಇದು ಮೊದಲು ಜೀವದ ಪ್ರಶ್ನೆ. 50 ಹರ್ಟ್ಸ್ ಗುಂಯ್‌ಗುಡುವಿಕೆ ತಗ್ಗುವುದು ಮೇಲಿನ ಲಾಭ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ, ತಲೆ ಕೊಡುವವರ ಲಿಖಿತ ಒಪ್ಪಿಗೆ ಎರಡೂ ಇರಲಿ. ಮೂರ್ಛೆ ರೋಗವನ್ನೆಲ್ಲ ಇದರಲ್ಲಿ ಪತ್ತೆಮಾಡಲು ಹೋಗಬೇಡಿ, ಅದು ನರರೋಗ ತಜ್ಞರ ಕೆಲಸ.

ಕಣ್ಣು ಮುಚ್ಚಿಸಿ. ಹಿಂತಲೆಯಲ್ಲಿ 8–13 ಹರ್ಟ್ಸಿನ ಆಲ್ಫಾ ಅಲೆ ಎದ್ದು, ಕಣ್ಣು ತೆರೆದಾಗ ತಗ್ಗಿದರೆ ಎಲೆಕ್ಟ್ರೋಡ್ ಕೆಲಸ ಮಾಡುತ್ತಿದೆ. ಕೆಲವರಲ್ಲಿ ಆಲ್ಫಾ ಸಹಜವಾಗಿಯೇ ಕ್ಷೀಣ, ಇನ್ನೊಬ್ಬರನ್ನೂ ಕೂರಿಸಿ ನೋಡಿ. ಆಮೇಲೆ 5ನೇ ನಿಮಿಷ, 20ನೇ ನಿಮಿಷ “ನೋಯುತ್ತಿದೆಯಾ?” ಎಂದು ಕೇಳಿ. ನೋವಾದವರು ಅರಿವಿಲ್ಲದೆ ದವಡೆ ಬಿಗಿಯುತ್ತಾರೆ. ಆ ಸ್ನಾಯುವಿನ ಗಲಾಟೆ ಮಿದುಳಿನ ಅಲೆಯನ್ನೇ ಮುಚ್ಚಿಹಾಕುತ್ತದೆ. ಬಿಚ್ಚಿದ ಮೇಲೆ ಕೂದಲು ಸರಿಸಿ ನೋಡಿ: ಹಲ್ಲಿನ ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಪಟ್ಟಿ ಸಡಿಲಿಸಿ, ಇಲ್ಲವೇ ಹಲ್ಲು ಹೆಚ್ಚಿಸಿ.