ರಿಪೇರಿ ಆದ ಮೇಲೆ ಬರುವ ಸೌಂಡು

ಸಕಲೇಶಪುರದಲ್ಲಿ ಗ್ಯಾರೇಜು ಇಟ್ಟವನಿಗೆ ದೂರು ಬೇಗ ಬರುತ್ತದೆ. ಗಾಡಿ ಶಿರಾಡಿ ಇಳಿದು ಗುಂಡ್ಯ ಮುಟ್ಟುವ ಮೊದಲೇ ಫೋನು: "ಅಣ್ಣಾ, ಮೊದಲು ಇರಲಿಲ್ಲ, ಈಗ ಹೊಸಾ ಸೌಂಡು." ಇಷ್ಟು ವರ್ಷ ಅದನ್ನು ಕೇಳಿ ಕೇಳಿ ಕಲಿತದ್ದು ಇದು.

1. ಕೈ ಹಾಕಿದ ಜಾಗ ಮೊದಲು. ಬ್ರೇಕ್ ಪ್ಯಾಡ್ ಬದಲಿಸಿದ ಚಕ್ರದಿಂದಲೇ ಚರಚರ ಬಂದರೆ ಬೇರೆಡೆ ಹುಡುಕುವುದು ದಂಡ. ಡಿಸ್ಕಿನ ಹಿಂದಿರುವ ತೆಳು ತಗಡು ಕೆಲಸದ ವೇಳೆ ಬಗ್ಗಿ ಉಜ್ಜುತ್ತಿರಬಹುದು. ಸ್ವಲ್ಪ ಹಿಂದಕ್ಕೆ ತಳ್ಳಿದರೆ ಮುಗಿಯಿತು. ಪ್ಯಾಡಿನ ಕ್ಲಿಪ್ಪುಗಳನ್ನು ಹಾಕದೆ ಬಿಟ್ಟಿದ್ದರೆ ಹೊಂಡ ಸಿಕ್ಕಾಗಲೆಲ್ಲ ಕಟಕಟ.

2. ಯಾವ ಪಾರ್ಟು ಎಂದು ನೀವು ಹೇಳಬೇಡಿ, ಯಾವಾಗ ಬರುತ್ತದೆ ಎಂದು ಹೇಳಿ. ನನಗೆ ಬೇಕಾದದ್ದು ಅಷ್ಟೇ. ನಿಂತ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಏರುವ ಸೌಂಡು ಎಂಜಿನ್ ಕಡೆಯದು: ಬೆಲ್ಟು, ಸೈಲೆನ್ಸರ್ ಲೀಕು, ಸರಿಯಾಗಿ ಕೂರದ ಗಾಳಿ ಪೈಪು. ಎಂಜಿನ್ ವೇಗ ಎಷ್ಟಿದ್ದರೂ ಗಾಡಿಯ ವೇಗದ ಜೊತೆಗೇ ಏರುವ ಗುಂಯ್ ಎನ್ನುವುದು ಚಕ್ರದ ಬೇರಿಂಗೋ ಟೈರೋ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ಬೀಳುತ್ತದೆ. ಆಗ ಸೌಂಡು ಹೆಚ್ಚಾದರೆ ಮೊದಲ ಅನುಮಾನ ಬಲಚಕ್ರದ ಬೇರಿಂಗಿನ ಮೇಲೆ. ಕ್ಲಚ್ ಕೆಲಸ ಆದ ಮೇಲಾದರೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ಒತ್ತಿದಾಗ ಬಂದರೆ ರಿಲೀಸ್ ಬೇರಿಂಗು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರುವವರೂ ಇದ್ದಾರೆ. ತನ್ನಿ, ಆದರೆ ಅದರಲ್ಲಿ ಹೆಚ್ಚಾಗಿ ಕೇಳುವುದು ಎಫ್‌ಎಂ.

3. ಲೋವರ್ ಆರ್ಮ್ ಬುಷ್ ಹಾಕಿಸಿದ ಮೇಲೆ ಹಂಪಿನಲ್ಲಿ ಕಿರ್ರ್ ಎಂದರೆ ಬೋಲ್ಟ್ ಯಾವಾಗ ಬಿಗಿ ಮಾಡಿದಿರಿ ಎಂದು ಕೇಳಿ. ಗಾಡಿ ಜಾಕ್ ಮೇಲೆ, ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕ್ಷಣದಿಂದ ಬುಷ್‌ನ ರಬ್ಬರು ತಿರುಚಿಕೊಂಡೇ ಇರುತ್ತದೆ. ಮೊದಲು ಕಿರುಗುಟ್ಟುತ್ತದೆ, ಆಮೇಲೆ ಬೇಗ ಹರಿಯುತ್ತದೆ. ಕಡೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಇದ್ದಾಗಲೇ ಆಗಬೇಕು. ಇದು ಗೊತ್ತಿಲ್ಲದ ಮೆಕ್ಯಾನಿಕ್ಕುಗಳು ಕಡಿಮೆ. ಅವಸರದಲ್ಲಿ ಬಿಡುವವರೇ ಹೆಚ್ಚು.

4. ಹೊಸ ಸೌಂಡು ಅಂದುಕೊಂಡದ್ದು ಹಳೆಯದೇ ಇರಬಹುದು. ಒಡೆದ ಸೈಲೆನ್ಸರ್ ಸರಿಹೋದ ಮೇಲಷ್ಟೇ ಬೇರಿಂಗಿನ ಗುಂಯ್ ಕಿವಿಗೆ ಬೀಳುತ್ತದೆ. ಹೀಗಂದರೆ ಗಿರಾಕಿ ನಂಬುವುದಿಲ್ಲ, ಅದೂ ಸಹಜವೇ. ಅದಕ್ಕೇ ಕೆಲಸ ಹಿಡಿಯುವ ಮೊದಲು ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರುವುದು ನನ್ನ ರೂಢಿ.

5. ಕೆಲವು ತಾವಾಗಿಯೇ ಹೋಗುತ್ತವೆ. ಆಯಿಲ್ ಬದಲಿಸಿದ ಮೇಲೆ ಮೊದಲ ಸ್ಟಾರ್ಟಿನ ಒಂದೆರಡು ಸೆಕೆಂಡಿನ ಟಕಟಕ, ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿಗೆ ತುಕ್ಕು ಹಿಡಿದು ಬೆಳಿಗ್ಗೆ ಬರುವ ಕರಕರ, ಹೊಸ ಪ್ಯಾಡಿನ ಕೀರಲು. ಬ್ರೇಕ್ ಹಿಡಿಯುವುದರಲ್ಲಿ ಕೊರತೆ ಇಲ್ಲದಿದ್ದರೆ ಕೆಲವು ದಿನ ಕಾಯಿರಿ.

6. ಇನ್ನು ಕಾಯಲೇಬಾರದವು. ಟೈರ್ ಬಿಚ್ಚಿ ಹಾಕಿದ ಮೇಲೆ ವೇಗದ ಜೊತೆ ಓಡುವ ಟಕ್ ಟಕ್ ಎಂದರೆ ಚಕ್ರದ ನಟ್ಟು ಸಡಿಲವಾಗಿರಬಹುದು. ಏನೂ ಕೇಳದಿದ್ದರೂ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಬಡಿತದ ಜೊತೆ ಆಯಿಲ್ ದೀಪ ಉರಿದರೆ ತಕ್ಷಣ ಎಂಜಿನ್ ಆಫ್. ಬ್ರೇಕಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತಾದರೆ ಘಾಟಿ ಇಳಿಯಲೇಬೇಡಿ. ಗಾಡಿ ಬದಿಗೆ ಹಾಕಿ ಫೋನ್ ಮಾಡಿ. ನಿಮ್ಮ ಮೆಕ್ಯಾನಿಕ್ ಬಂದು ನೋಡಲಿ.