ಅಪರಾಧ ಕಥನದ ಪಾಡ್‌ಕಾಸ್ಟ್: ಕೇಳುಗರನ್ನು ಹಿಡಿದಿಡಲು ಆರು ಸೂತ್ರಗಳು

ನಡೆದ ಅಪರಾಧಗಳ ಬಗ್ಗೆ ಪಾಡ್‌ಕಾಸ್ಟ್ ಮಾಡಲು ಹೊರಟಿದ್ದೀರಾ? ಕೇಳುಗರು ಎಲ್ಲಿ ಬೇಸತ್ತು ಇಯರ್‌ಫೋನ್ ತೆಗೆಯುತ್ತಾರೆ ಎಂಬುದನ್ನು ಮೊದಲು ತಿಳಿಯಿರಿ.

1. ಹರಟೆಯಿಂದ ಶುರು ಮಾಡಬೇಡಿ. ನಿರೂಪಕರಿಬ್ಬರು ಹತ್ತು ನಿಮಿಷ ತಮ್ಮ ಊಟ, ಪ್ರವಾಸದ ಮಾತಾಡಿ, ನಕ್ಕು, ಆಮೇಲೆ ಕೊಲೆಯ ವಿಷಯಕ್ಕೆ ಬರುವುದು ಅನೇಕರಿಗೆ ಸಹಿಸಲಾಗದು. ನನಗೂ ಅಷ್ಟೆ.

2. ನಿಧಾನಕ್ಕೆ ಅಂಜಬೇಡಿ, ಹೇಳಿದ್ದನ್ನೇ ಹೇಳುವುದಕ್ಕೆ ಅಂಜಿ. ಬಾಲ್ಟಿಮೋರ್‌ನಲ್ಲಿ 1999ರಲ್ಲಿ ನಡೆದ ಒಂದೇ ಕೊಲೆಯನ್ನು 2014ರ ‘ಸೀರಿಯಲ್’ ಪಾಡ್‌ಕಾಸ್ಟ್ 12 ಕಂತುಗಳಲ್ಲಿ ಹೇಳಿತು. ಶಾಲೆ ಬಿಟ್ಟ ಮೇಲೆ ಆರೋಪಿಗೆ 21 ನಿಮಿಷಗಳೊಳಗೆ ಬೆಸ್ಟ್ ಬೈ ಮಳಿಗೆ ತಲುಪಿ ಆ ಕೊಲೆ ಮಾಡಲು ಸಾಧ್ಯವಿತ್ತೇ? ನಿರೂಪಕಿ ಸಾರಾ ಕೇನಿಗ್ ಕಾರಿನಲ್ಲಿ ಅದೇ ದಾರಿ ಹಿಡಿದು, ಗಡಿಯಾರ ನೋಡುತ್ತಾ ಪರೀಕ್ಷಿಸಿದರು. ನಿಧಾನವಾದರೂ ಪ್ರತಿ ನಿಮಿಷಕ್ಕೂ ಅಲ್ಲಿ ಕೆಲಸವಿದೆ. ಕಳೆದ ಕಂತಿನ ಸಾರಾಂಶವನ್ನೇ ಎಳೆಯುವ ನಿಧಾನ ಬೇರೆ. ಅದು ಕೇಳುಗರ ಸಮಯ ಕದಿಯುತ್ತದೆ.

3. ಎಷ್ಟು ಕಂತು ಎಂಬುದನ್ನು ಕಥೆ ತೀರ್ಮಾನಿಸಲಿ, ಜಾಹೀರಾತಲ್ಲ. 2017ರ ‘ಎಸ್-ಟೌನ್’ ಏಳೇ ಕಂತುಗಳಲ್ಲಿ ಮುಗಿಯಿತು.

4. ನೀವೇ ಹೋಗಿ ಹುಡುಕಿ. ಪತ್ರಿಕೆಯ ವರದಿಯನ್ನೋ ವಿಕಿಪೀಡಿಯವನ್ನೋ ಓದಿ ಹೇಳಿದರೆ ಕೇಳುಗರು ಬೇಗ ಪತ್ತೆ ಹಚ್ಚುತ್ತಾರೆ. ‘ಇನ್ ದ ಡಾರ್ಕ್’ ಎರಡನೇ ಸರಣಿಯ ತಂಡ ಮಿಸಿಸಿಪ್ಪಿಯಲ್ಲೇ ನೆಲೆಸಿತು. ಅಲ್ಲಿ ಕಪ್ಪು ವರ್ಣದ ಒಬ್ಬರನ್ನು ಒಂದೇ ಪ್ರಕರಣದಲ್ಲಿ ಆರು ಸಲ ವಿಚಾರಣೆಗೆ ನಿಲ್ಲಿಸಲಾಗಿತ್ತು. ತಂಡ ಕೋರ್ಟಿನ ಹಳೆಯ ಕಡತಗಳನ್ನು ಜಾಲಾಡಿ, ಅಲ್ಲಿನ ಪ್ರಾಸಿಕ್ಯೂಟರ್ ಕಚೇರಿ ಕಪ್ಪು ಜ್ಯೂರಿಗಳನ್ನು ಬಿಳಿಯರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಕೈಬಿಡುತ್ತಿತ್ತೆಂದು ತೋರಿಸಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ವ್ಯಕ್ತಿಯ ಶಿಕ್ಷೆಯನ್ನು ರದ್ದುಪಡಿಸಿತು; 2020ರಲ್ಲಿ ಆರೋಪಗಳೂ ಬಿದ್ದುಹೋದವು. ಗುಣಮಟ್ಟ ಎಂದರೆ ಇದು! ಸ್ವಂತ ಶೋಧ ಸಾಧ್ಯವಿಲ್ಲವೇ? ಶೋಧಿಸಿದ ವರದಿಗಾರರ ಹೆಸರನ್ನಾದರೂ ಸ್ಪಷ್ಟವಾಗಿ ಹೇಳಿ.

5. ಹಿನ್ನೆಲೆ ಸಂಗೀತ ತಗ್ಗಿಸಿ. ಸಾಕ್ಷಿಯ ದನಿ ಕೇಳಬೇಕು.

6. ತೀರ್ಪು ನಿಮ್ಮ ಕೆಲಸವಲ್ಲ. ಆಸ್ಟ್ರೇಲಿಯಾದಲ್ಲಿ 1982ರಲ್ಲಿ ಕಾಣೆಯಾದ ಮಹಿಳೆಯ ಪ್ರಕರಣಕ್ಕೆ ‘ದ ಟೀಚರ್ಸ್ ಪೆಟ್’ 2018ರಲ್ಲಿ ಮತ್ತೆ ಜೀವ ಕೊಟ್ಟಿತು. 2022ರಲ್ಲಿ ಪತಿಯೇ ಕೊಲೆಗಾರ ಎಂದು ಸಾಬೀತಾಯಿತು. ಆದರೆ ವಿಚಾರಣೆ ನ್ಯಾಯಯುತವಾಗಿ ನಡೆಯಲೆಂದು 2019ರಲ್ಲಿ ಆ ಸರಣಿಯನ್ನು ಆಸ್ಟ್ರೇಲಿಯಾದ ಕೇಳುಗರಿಗೆ ಸಿಗದಂತೆ ಹಿಂಪಡೆಯಬೇಕಾಯಿತು. ಆರೋಪಿಗೂ ಹಕ್ಕುಗಳಿವೆ, ಸತ್ತವರಿಗೂ ಮನೆಯವರಿದ್ದಾರೆ. ಮೊದಲ ಕಂತು ಹೊರಬೀಳುವ ಮುನ್ನ ಆ ಮನೆಯವರೊಡನೆ ದಯವಿಟ್ಟು ಒಮ್ಮೆ ಮಾತಾಡಿ.